ಪ್ರೇರಣಾ ಎಡಿಟರ್ ಬದಲಿಸಿದ್ದು

ವಿಶಾಖಪಟ್ಟಣದ ಆ ಆಫೀಸಿನಲ್ಲಿ ಪ್ರೇರಣಾ ಮೌಸ್ ಮುಟ್ಟಿದ್ದನ್ನು ಕಂಡವರೇ ಇರಲಿಲ್ಲ. ಧಾರವಾಡದ ಹುಡುಗಿ, ಅಚ್ಯುತಾಪುರಂ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಬರೆದುಕೊಡುವ ಸಣ್ಣ ಕಂಪನಿಯೊಂದರಲ್ಲಿ ಕೆಲಸ. ಕೋಡ್ ಬರೆಯಲು ಕಾಲೇಜಿನ ದಿನಗಳಿಂದಲೂ ಅವಳಿಗೆ ವಿಮ್ ಎಡಿಟರೇ ಆಗಬೇಕು. ಅದರಲ್ಲಿ ಮೆನು ಇಲ್ಲ, ಚಿತ್ರ ಇಲ್ಲ. ಕಪ್ಪು ಪರದೆ, ಕೀಬೋರ್ಡು, ಅಷ್ಟೇ. ಪಕ್ಕದ ಸೀಟಿನ ಸಾಯಿಕಿರಣ್ ವಿಎಸ್ ಕೋಡ್ ಎಂಬ ಇನ್ನೊಂದು ಎಡಿಟರ್ ತೆರೆದು ಮೆನುವಿನಲ್ಲಿ ತಡಕಾಡುವುದನ್ನು ಕಂಡರೆ ಅವಳಿಗೆ ನಗು. ಎಲ್ಲರೆದುರೇ ಅವನನ್ನು ಗೇಲಿ ಮಾಡಿದ್ದೂ ಉಂಟು.

ದಸರೆಗೆ ವಿಜಯವಾಡದ ಚಿಗವ್ವನ ಮನೆಗೆ ಹೋದಳು. ಚಿಗವ್ವ ಉಮಾದೇವಿ ಅವಳ ಅವ್ವನ ತಂಗಿ, ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದ ಗಂಡನ ಜೊತೆ ಅಲ್ಲೇ ನೆಲೆನಿಂತವಳು. ಇಂದ್ರಕೀಲಾದ್ರಿ ಬೆಟ್ಟದ ದೇವಿಯ ದರ್ಶನ ಮುಗಿಸಿಕೊಂಡು ಗವರ್ನರ್‌ಪೇಟೆಯಲ್ಲಿ ಇಬ್ಬರೂ ರಸ್ತೆ ದಾಟುತ್ತಿದ್ದಾಗ, ರಿವರ್ಸ್ ಬಂದ ಆಟೋ ಒಂದು ಪ್ರೇರಣಾಳನ್ನು ಕೆಡವಿತು. ಎದ್ದು ಕೂತಾಗ ನೋವೇನೂ ಗೊತ್ತಾಗಲಿಲ್ಲ. ಬಲಗೈ ಮಣಿಕಟ್ಟು ಮಾತ್ರ ತಿರುಗಬಾರದ ಕಡೆಗೆ ತಿರುಗಿತ್ತು. ಅದು ತನ್ನದೇ ಕೈ ಎಂದು ಮನಸ್ಸಿಗೆ ಹತ್ತಲು ಕೊಂಚ ಹೊತ್ತು ಹಿಡಿಯಿತು.

ಕೈಗೆ ಪ್ಲಾಸ್ಟರ್ ಬಿತ್ತು. ಆದರೆ ಕಾರ್ಖಾನೆಯೊಂದರ ಪ್ರೋಗ್ರಾಮ್ ಕೆಟ್ಟು ಕೂತಿತ್ತು. ಅದನ್ನು ಬರೆದವಳು ಇವಳೇ, ಸರಿಪಡಿಸಬೇಕಾದವಳೂ ಇವಳೇ. ಚಿಗವ್ವ ಕನ್ನಡಕ ಏರಿಸಿ ಲ್ಯಾಪ್‌ಟಾಪ್ ಮುಂದೆ ಕೂತಳು.

"ನೀ ಹೇಳವಾ, ನಾ ಒತ್ತತೇನಿ."

"ಈ ಕೋಟ್ ಗುರುತಿನ ಒಳಗ ಇರೋ ಹೆಸರು ಅಳಿಸಬೇಕು, ಚಿಗವ್ವಾ."

"ಅಳಿಸಾಕ ಯಾವ ಬಟನ್?"

ಪ್ರೇರಣಾ ಕೀಬೋರ್ಡನ್ನೊಮ್ಮೆ ನೋಡಿದಳು. ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಮಾಡಿದ ಕೆಲಸ, ಅದರ ಕೀಲಿ ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ.

"ಗೊತ್ತಿಲ್ಲ," ಎಂದಳು ಮೆಲ್ಲಗೆ.

"ಗೊತ್ತಿಲ್ಲಂದ್ರ? ಇಷ್ಟ್ ವರ್ಷ ಇದರಾಗ ಕೆಲಸ ಮಾಡೀದಿ!" ಚಿಗವ್ವನ ಮುಖ ಸಣ್ಣದಾಯಿತು. "ತಲಿಗೇನರ ಪೆಟ್ಟು ಬಿತ್ತೇನ?"

ಪ್ರೇರಣಾಳಿಗೂ ಅದೇ ದಿಗಿಲು. ಕಣ್ಣು ಮುಚ್ಚಿ, ಕೀಬೋರ್ಡ್ ಎದುರಿಗಿದೆ ಎಂದುಕೊಂಡು ಅದೇ ಕೆಲಸ ಮಾಡುವ ಹಾಗೆ ಕೈ ಚಾಚಿದಳು. ಎಡಗೈ ಬೆರಳೊಂದು ಕೆಳಗೆ ಬಂತು. ಪ್ಲಾಸ್ಟರಿನಾಚೆ ಇಣುಕಿದ ನಡುಬೆರಳು ತಾನಾಗಿಯೇ ಅಲುಗಿತು. ಕಣ್ಣು ಬಿಟ್ಟು, ಬೆರಳು ಇದ್ದ ಜಾಗ ನೋಡಿದಳು.

"ಸಿ ಒತ್ತು... ಆಮ್ಯಾಲ ಐ, ಕಡೀಕ ಆ ಕೋಟ್ ಗುರುತು."

ಹೆಸರು ಅಳಿಯಿತು. ಚಿಗವ್ವ ಖುಷಿಯಾದಳು. ಪ್ರೇರಣಾ ಮಾತ್ರ ತನ್ನ ಬೆರಳುಗಳನ್ನೇ ದಿಟ್ಟಿಸುತ್ತ ಕೂತಳು. ಇಷ್ಟು ವರ್ಷ ತಾನು ಬಲ್ಲೆ ಎಂದು ಬೀಗಿದ್ದೆಲ್ಲ ಬೆರಳಿನಲ್ಲಿತ್ತು, ತನ್ನಲ್ಲಿ ಇರಲೇ ಇಲ್ಲ.

ಪ್ರತಿ ಕೀಲಿಗೂ ಹೀಗೆ ಗಾಳಿಯಲ್ಲಿ ಕೈ ಆಡಿಸುತ್ತ ಕೆಲಸ ಸಾಗದು. ನಾಚಿಕೆ ನುಂಗಿಕೊಂಡು ಸಾಯಿಕಿರಣ್‌ಗೆ ಫೋನ್ ಮಾಡಿದಳು. ಅವನು ಹಳೆಯದೇನನ್ನೂ ಎತ್ತಲಿಲ್ಲ. "ಪರವಾಲೇದು ಅಕ್ಕಾ," ಎಂದು ತೆಲುಗಿನಲ್ಲೇ ಸಮಾಧಾನ ಹೇಳಿ, ವಿಎಸ್ ಕೋಡ್ ಹಾಕಿಸಿ, ಎಡಗೈಯಲ್ಲಿ ಮೌಸ್ ಹಿಡಿಸಿದ. ಯಾವುದು ಏನು ಮಾಡುತ್ತದೆಂದು ಮೆನುವಿನಲ್ಲಿ ಬರೆದೇ ಇತ್ತು. ಎರಡಕ್ಷರ ಒತ್ತಿದರೆ ಮಿಕ್ಕದ್ದನ್ನು ಅದೇ ಸೂಚಿಸುತ್ತಿತ್ತು. ಸಂಜೆಯೊಳಗೆ ಕಾರ್ಖಾನೆಯ ಪ್ರೋಗ್ರಾಮ್ ಸರಿಹೋಯಿತು.

ಪ್ಲಾಸ್ಟರ್ ಬಿಚ್ಚಿ ಆಫೀಸಿಗೆ ಮರಳಿದ ದಿನ, ಪ್ರೇರಣಾ ಮೊದಲು ತೆರೆದದ್ದು ವಿಮ್. ಬೆರಳುಗಳು ಏನನ್ನೂ ಮರೆತಿರಲಿಲ್ಲ, ಸರಸರನೆ ಓಡಿದವು. ಅವಳಿಗೆ ಸಂತೋಷವಾಗಬೇಕಿತ್ತು. ಆದರೆ ಬೇರೆ ಯಾರದೋ ಕೈ ತನ್ನ ಮುಂದೆ ಟೈಪ್ ಮಾಡುತ್ತಿದ್ದಂತೆ ಅನಿಸಿತು. ವಿಮ್ ಮುಚ್ಚಿ ವಿಎಸ್ ಕೋಡ್ ತೆರೆದಳು.

ಸಾಯಿಕಿರಣ್ ಕುರ್ಚಿಯಲ್ಲೇ ತಿರುಗಿ, ಕೈ ಇನ್ನೂ ನೋಯುತ್ತಿದೆಯೇ ಎಂದು ತೆಲುಗಿನಲ್ಲಿ ಕೇಳಿದ. ನೋವಿಲ್ಲ, ಇನ್ನು ಇದೇ ಸಾಕು ಎಂದಳು. ಅವನಿಗೆ ನಂಬಿಕೆಯಾಗಲಿಲ್ಲ, ಮಧ್ಯಾಹ್ನದವರೆಗೂ ಅವಳ ಪರದೆಯತ್ತ ಆಗಾಗ ಕತ್ತು ಚಾಚಿ ನೋಡುತ್ತಲೇ ಇದ್ದ. ಅವಳ ಕೆಲಸ ತುಸು ನಿಧಾನವಾಯಿತು, ನಿಜ. ಆದರೆ ಏನು ಮಾಡುತ್ತಿದ್ದೀ ಎಂದು ಯಾರಾದರೂ ಕೇಳಿದರೆ ಈಗ ಬಾಯಿಬಿಟ್ಟು ಹೇಳಬಲ್ಲಳು.