ಏಳನೆಯ ತಟ್ಟೆ

ಬೀದಿಯವರೆಲ್ಲ ಅವಳನ್ನು ಸಾಕಾಗುತ್ತಮ್ಮ ಎಂದೇ ಕರೆಯುವುದು. ಏಳು ಜನರ ಮನೆಗೆ ಎರಡೇ ಆಲೂಗಡ್ಡೆ ತಂದುಕೊಟ್ಟರೂ ಅವಳದು ಒಂದೇ ಮಾತು: "ಸಾಕಾಗುತ್ತೆ ಬಿಡಿ." ಅವಳು ಹೆಚ್ಚಿದ ಈರುಳ್ಳಿಯ ತೆಳು ಹೋಳನ್ನು ಎತ್ತಿ ಹಿಡಿದರೆ ಅದರಾಚೆ ಗೋಡೆ ಗಡಿಯಾರದ ಮುಳ್ಳು ಕಾಣುತ್ತದೆ, ಇವತ್ತಿನ ಸಿಪ್ಪೆ ನಾಳೆಗೆ ಮೇಲೋಗರವಾಗುತ್ತದೆ. ಪಾತ್ರೆಯ ಮುಚ್ಚಳ ತೆಗೆದಳೆಂದರೆ ಕಣ್ಣು ಮುಚ್ಚಿ, ಹಬೆಗೆ ಮುಖವೊಡ್ಡಿ ಬಹಳ ಹೊತ್ತು ನಿಂತುಬಿಡುತ್ತಾಳೆ. ಕೇಳಿದರೆ, "ಉಪ್ಪು ಹಿಡಿದಿದೆಯಾ ನೋಡ್ತಿದ್ದೆ" ಎನ್ನುತ್ತಾಳೆ. ಇಷ್ಟು ವರ್ಷ ಒಲೆ ಉರಿದರೂ ಅವಳ ಅಡುಗೆಮನೆಯ ಚಾವಣಿಯಲ್ಲಿ ಹಬೆಯ ಕಲೆ ಒಂದೂ ಇಲ್ಲ. ಸುಣ್ಣ ಬಳಿದ ದಿನದ ಹಾಗೇ ಬೆಳ್ಳಗಿದೆ. ಬಡಿಸುವಾಗ ಮಾತ್ರ ಕೈ ಧಾರಾಳ. ಹೊಸ ಸೊಸೆ ದಿನವೂ "ನೀವೂ ಕೂತ್ಕೊಳ್ಳಿ ಅತ್ತೆ" ಎಂದರೆ, "ನಂದಾಯ್ತು ಕಣೇ" ಎಂಬ ಉತ್ತರ ಸಿದ್ಧ. ಮೊನ್ನೆ ಸೊಸೆ ಹಟ ಹಿಡಿದು, ತಾನೇ ಬಡಿಸುತ್ತೇನೆಂದು ಕಪಾಟಿನಿಂದ ಅತ್ತೆಯ ತಟ್ಟೆ ತೆಗೆದಳು. ತಟ್ಟೆಯ ನಟ್ಟನಡುವೆ, ಅನ್ನ ಬೀಳಬೇಕಾದ ಜಾಗದಲ್ಲೇ, ಅಂಗಡಿಯ ಬೆಲೆ ಚೀಟಿ ಒಂದಿಷ್ಟೂ ಮಾಸದೆ ಅಂಟಿಕೊಂಡಿತ್ತು. "ಇದನ್ನ ಯಾವಾಗ ತಂದಿದ್ದು ಅತ್ತೆ?" "ನಿನ್ನ ಗಂಡ ಹುಟ್ಟಿದ ವರ್ಷ" ಎಂದು ನಕ್ಕ ಅತ್ತೆ, ಕುದಿಯುವ ಪಾತ್ರೆಯ ಮುಚ್ಚಳ ತೆಗೆದಳು. ಹಬೆ ದಟ್ಟವಾಗಿ ಎದ್ದು ಅವಳ ಮುಖದವರೆಗೆ ಹೋಯಿತು. ಅಲ್ಲಿಂದ ಮೇಲಕ್ಕೆ ಏಳಲೇ ಇಲ್ಲ.