ಎದುರಂಗಡಿಯ ಕಾಲರ್

ನಮ್ಮ ಬೀದಿಯ ದರ್ಜಿಗೆ ಬಹಳ ವರ್ಷಗಳಿಂದ ಒಂದೇ ಅನುಮಾನ: ಎದುರಿಗೇ ಅಂಗಡಿ ಇಟ್ಟಿರುವ ಸ್ವಂತ ತಮ್ಮ ತನ್ನ ಕಾಲರ್ ಕಟಿಂಗನ್ನು ಕದ್ದಿದ್ದಾನೆ. ಗಿರಾಕಿ ಅತ್ತ ತಿರುಗಿದರೆ ಸಾಕು, ಇವನ ಹೊಟ್ಟೆ ಉರಿಯುತ್ತಿತ್ತು.

"ಸೂಜಿಗೆ ದಾರ ಪೋಣಿಸೋದು ಕಲಿಸಿದ್ದೇ ನಾನು. ಕಳ್ಳ ನನ್ಮಗ!" ಎಂದು ಹೆಂಡತಿಯ ಮುಂದೆ ಹಲ್ಲು ಕಡಿಯುತ್ತಿದ್ದ.

ಕೊನೆಗೆ ಭಾವಮೈದುನನನ್ನು ಕಳಿಸಿ ಅಲ್ಲಿ ಗುಟ್ಟಾಗಿ ಒಂದು ಅಂಗಿ ಹೊಲಿಸಿದ. ಬಾಗಿಲು ಹಾಕಿಕೊಂಡು ಅದರ ಕಾಲರ್ ಬಿಚ್ಚಿ ನೋಡಿದ. ಕಟಿಂಗ್ ತನ್ನದಲ್ಲ, ತನ್ನದಕ್ಕಿಂತ ಚೆನ್ನಾಗಿತ್ತು.

"ಏನ್ರೀ, ಸಿಕ್ಕಿಬಿದ್ನಾ ಕಳ್ಳ?" ಎಂದಳು ಹೆಂಡತಿ.

ದರ್ಜಿ ಬಿಚ್ಚಿದ ತುಂಡನ್ನು ಕಾಗದದ ಮೇಲಿಟ್ಟು ಸುತ್ತಲೂ ಪೆನ್ಸಿಲ್ ಎಳೆದ.

ಈಗ ಇವನ ಕಾಲರೂ ಹಾಗೇ ಕೂರುತ್ತದೆ. ಆದರೆ ಕತ್ತರಿ ಹಿಡಿಯುವ ಮುಂಚೆ ಅಂಗಡಿಯ ಪರದೆ ಎಳೆಯುತ್ತಾನೆ.

"ಎದುರಿಗೇ ಕೂತಿದಾನಲ್ಲ, ನೋಡಿ ಕದ್ದುಬಿಟ್ಟಾನು!"