ಅಪ್ಪನಿಗೆ ಬಂದದ್ದು ಪಿತ್ತವಲ್ಲ

ನಾನು ಚಿಕ್ಕವಳಿದ್ದಾಗ, ಬಾಗಲೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ ಯಾರಿಗೆ ತಲೆ ಸುತ್ತಿದರೂ ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು, ಪಿತ್ತ. ಅಪ್ಪನ ಕಾಲು ತಡವರಿಸತೊಡಗಿದಾಗಲೂ ಅದನ್ನೇ ಅಂದರು. ಅಮ್ಮ ಹದಿನೈದು ದಿನ ಅವರ ನೆತ್ತಿಗೆ ಹರಳೆಣ್ಣೆ ತಟ್ಟಿದಳು, ಜೀರಿಗೆ ಕಷಾಯ ಕುಡಿಸಿದಳು. ಮನೆಯೆಲ್ಲ ಎಣ್ಣೆಯ ಕಮಟು ವಾಸನೆ. ಅಪ್ಪ ಮಾತ್ರ ಗೋಡೆ ಹಿಡಿಯದೆ ಹಿತ್ತಲಿಗೂ ಹೋಗಲಾರದಂತಾದರು.

ಮದುವೆಯಾಗಿದ್ದ ಅಕ್ಕ ತವರಿಗೆ ಬಂದವಳೇ ಅಪ್ಪನ ನಡಿಗೆ ನೋಡಿದಳು. "ಎಣ್ಣೆ ತಟ್ಟಿದ್ದು ಸಾಕು, ಯಲಹಂಕದ ಡಾಕ್ಟ್ರತ್ರ ಓಗಾನ ನಡಿಯಪ್ಪ" ಎಂದು ಮರುದಿನ ಬೆಳಿಗ್ಗೆಯೇ ಹೊರಡಿಸಿದಳು. ಬಸ್ಸು ಹಿಡಿಯಲು ಕೆರೆ ಏರಿ ದಾಟಬೇಕಿತ್ತು. ಅಪ್ಪನ ಒಂದು ಕೈ ಅಕ್ಕನ ಹೆಗಲ ಮೇಲೆ, ಇನ್ನೊಂದು ನನ್ನ ತಲೆಯ ಮೇಲೆ. ಹಾಳಾದ್ದು, ಅವರು ನೀರಿನ ಕಡೆಗೇ ವಾಲುತ್ತಿದ್ದರು. ಆ ಕೈ ಭಾರವಾದಾಗಲೆಲ್ಲ ನಾನು ಅವರನ್ನು ಇನ್ನೊಂದು ಬದಿಗೆ ಒತ್ತಿ ಹಿಡಿಯುತ್ತಿದ್ದೆ.

ಬಸ್ಸು ನಿಲ್ಲುವಲ್ಲಿ ಟೀ ಕುಡಿಯುತ್ತಿದ್ದವನೊಬ್ಬ, "ಏನ್ ಯಜಮಾನ್ರೇ, ಬೆಳಗ್ಗೆ ಬೆಳಗ್ಗೇನೇ ಏರಿಸ್ಕೊಂಡಿದ್ದೀರಾ?" ಎಂದು ನಕ್ಕ. ಜೀವಮಾನದಲ್ಲಿ ಹೆಂಡ ಮುಟ್ಟದ ಅಪ್ಪ ಅಲ್ಲೇ ನಿಂತು, "ಮನೆಗೆ ಓಗಾನ ಕಣವ್ವ" ಎಂದರು. ನಾನು ಅವರ ಪಂಚೆ ಹಿಡಿದು ಗೊಳೋ ಎಂದು ಅತ್ತೆ. ಆ ಅಳುವಿಗೇ ಅವರು ಬಸ್ಸು ಹತ್ತಿದ್ದು. ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಡಾಕ್ಟರು ಅಪ್ಪನನ್ನು ಪಾದ ಜೋಡಿಸಿ, ಕಣ್ಣು ಮುಚ್ಚಿ ನಿಲ್ಲಲು ಹೇಳಿದರು. ಅಪ್ಪ ಎಡಕ್ಕೆ ವಾಲಿಯೇಬಿಟ್ಟರು. ಡಾಕ್ಟರು ತಟ್ಟನೆ ಹಿಡಿದುಕೊಂಡು, "ಇದು ಪಿತ್ತ ಅಲ್ಲ, ಮೆದುಳಿಗೆ ರಕ್ತ ಸರಿಯಾಗಿ ಹೋಗ್ತಿಲ್ಲ. ಎಷ್ಟು ದಿನ ಆಯ್ತು?" ಎಂದು ಕೇಳಿದರು.

ಅಪ್ಪ ತಲೆ ತಗ್ಗಿಸಿ, "ಮೂರು ತಿಂಗ್ಳಾಯ್ತು ಸ್ವಾಮಿ. ಜನ ಏನಂದ್ಕೊಂತಾರೋ ಅಂತ ಯೋಳ್ಲಿಲ್ಲ" ಎಂದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ರಕ್ತದೊತ್ತಡಕ್ಕೆ ಮಾತ್ರೆ ಬರೆದರು, ಬೀಡಿ ಬಿಡಿಸಿದರು, ಉಪ್ಪು ಕಡಿಮೆ ಮಾಡಿಸಿದರು. ದಿನಾ ಯಾರದಾದರೂ ಕೈ ಹಿಡಿದು ನಡೆಯಬೇಕೆಂದರು. ಅಪ್ಪ ಮತ್ತೆ ಹೊಲಕ್ಕೆ ಹೋಗುವಂತಾದರು. ಆದರೆ ತಡವಾಗಿತ್ತು, ಎಡಗಾಲು ಮೊದಲಿನಂತಾಗಲೇ ಇಲ್ಲ.

ಈಗ ನೀವಿರುವ ಹೆಬ್ಬಾಳದಲ್ಲಿ ತಿರುಗಿದ ಕಡೆಯೆಲ್ಲ ಆಸ್ಪತ್ರೆ. ಫೋನ್ ಒತ್ತಿದರೆ ಬಾಗಿಲಿಗೆ ಕಾರು, ತಲೆಯೊಳಗನ್ನೇ ತೋರಿಸುವ ಸ್ಕ್ಯಾನು. ಅಪ್ಪನಿಗೆ ಇದ್ಯಾವುದೂ ಇರಲಿಲ್ಲ, ನನಗೆ ಎಲ್ಲವೂ ಇದೆ. ಆದರೂ ಮಕ್ಕಳೇ, ನಿನ್ನೆ ಲಿಫ್ಟಿನ ಮುಂದೆ ವಾಲಿದಾಗ ಚಪ್ಪಲಿ ಜಾರಿತು ಎಂದೆನಲ್ಲ, ಅದು ಸುಳ್ಳು. ಈ ತಿಂಗಳಲ್ಲಿ ಅದು ಮೂರನೆಯ ಸಲ. ಹೋಗಿ ನಿಮ್ಮಮ್ಮನನ್ನು ಕರೆಯಿರಿ, ಈಗಲೇ ಹೊರಡೋಣ.